ಕಬ್ಬಿಣದ ಮೇಲಿನ ಇಬ್ಬನಿ

ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ಸೂರ್ಯನ ಮುಖ ಕಾಣುವುದು ಅಪರೂಪ. ಆಗುಂಬೆಯಂತಹ ಸ್ಥಳದಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಅದರ ಬಹುಭಾಗ ಬೀಳುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ. ಈ ಕಾಲದಲ್ಲಿ ತೀರ್ಥಹಳ್ಳಿ, ಸಾಗರ, ಕೊಪ್ಪ, ಮಡಿಕೇರಿಗಳ ಕಡೆ ಸಣ್ಣ ಕಾರ್ಯಾಗಾರಗಳನ್ನು ನಡೆಸುವವರಿಗೆ ಒಂದು ಅನುಭವ ತಪ್ಪಿದ್ದಲ್ಲ. ಹಬ್ಬಕ್ಕೋ ಮದುವೆಗೋ ಎರಡು ಮೂರು ದಿನ ಕೆಲಸ ನಿಲ್ಲಿಸಿ, ಬಾಗಿಲಿಗೆ ಬೀಗ ಹಾಕಿ ಹೋಗಿರುತ್ತಾರೆ. ಮರಳಿ ಬಂದು ನೋಡಿದರೆ, ಕನ್ನಡಿಯಂತೆ ಹೊಳೆಯುತ್ತಿದ್ದ ಲೇತು ಯಂತ್ರದ ಮೇಲೆ ಕಾವಿಮಣ್ಣನ್ನು ತೆಳ್ಳಗೆ ಬಳಿದಂತೆ ತುಕ್ಕು ಹರಡಿರುತ್ತದೆ. ಕೊರೆಯುವ ಯಂತ್ರದ ಮೊನೆಗಳು, ಉಳಿ, ಗರಗಸ, ಸುತ್ತಿಗೆ, ಯಾವುದೂ ಇದಕ್ಕೆ ಹೊರತಲ್ಲ. ಒಡೆಯನು ಮೊದಲು ಸಂದೇಹಪಡುವುದು ಮಾಡನ್ನು. ಏಣಿ ಹಾಕಿ ಹತ್ತಿ ಒಡೆದ ಹೆಂಚಿಗಾಗಿ ಹುಡುಕುತ್ತಾನೆ. ಹೆಂಚು ಒಡೆದಿರುವುದಿಲ್ಲ. ಗೋಡೆಯಲ್ಲಿ ನೀರಿಳಿದ ಗುರುತೂ ಇರುವುದಿಲ್ಲ. ಒಂದು ಹನಿ ಮಳೆನೀರೂ ಒಳಕ್ಕೆ ಬಾರದಿದ್ದರೂ ಕಬ್ಬಿಣವು ನೆನೆದಿದೆ!

ಇದನ್ನು ಅಲ್ಪ ಹಾನಿಯೆಂದು ತಿಳಿಯಬಾರದು. ತೋಟದ ಪಂಪುಗಳ ದಂಡ, ಪವರ್ ಟಿಲ್ಲರಿನ ಭಾಗಗಳು, ಅಡಕೆ ಸುಲಿಯುವ ಯಂತ್ರದ ಅಚ್ಚುಗಳು ಮೊದಲಾದವನ್ನು ಇಂತಹ ಲೇತಿನ ಮೇಲೆಯೇ ಕಡೆಯಬೇಕು. ಅದನ್ನು ಕೊಳ್ಳಲು ಮಾಡಿದ ಬ್ಯಾಂಕಿನ ಸಾಲ ಹಲವು ವರ್ಷಗಳವರೆಗೆ ತೀರುವುದಿಲ್ಲ. ಕೆಲಸಗಾರರು ‘ಬೆಡ್ಡು’ ಎಂದು ಕರೆಯುವ ಲೇತಿನ ಉದ್ದನೆಯ ತಳಭಾಗವನ್ನು ಒಂದು ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲಿಗಿಂತ ಹೆಚ್ಚು ವ್ಯತ್ಯಾಸ ಬಾರದಂತೆ ಸಾಣೆಹಿಡಿದು ನೇರಗೊಳಿಸಿರುತ್ತಾರೆ. ಕೊಯ್ಯುವ ಹತ್ಯಾರವನ್ನು ಹೊತ್ತ ಭಾಗವು ಜಾರುವುದು ಇದರ ಮೇಲೆಯೇ. ತುಕ್ಕನ್ನು ಮರಳು ಕಾಗದದಿಂದ ಉಜ್ಜಿ ತೆಗೆಯಬಹುದು, ದಿಟ. ಆದರೆ ತುಕ್ಕಿನೊಡನೆ ಉಕ್ಕೂ ಒಂದಿಷ್ಟು ಹೋಗುತ್ತದೆ, ಅದೂ ಎಲ್ಲ ಕಡೆ ಸಮನಾಗಿ ಅಲ್ಲ. ಹಾಗೆ ಎರಡು ಮೂರು ಮಳೆಗಾಲ ಕಳೆಯಿತೆಂದರೆ ಕಡೆದ ದಂಡವು ಒಂದು ತುದಿಯಲ್ಲಿ ದಪ್ಪ, ಇನ್ನೊಂದರಲ್ಲಿ ಸಣ್ಣ. ಬೇರಿಂಗು ಸರಿಯಾಗಿ ಕೂರುವುದಿಲ್ಲ. ಗಿರಾಕಿ ಶಿವಮೊಗ್ಗದ ಬಸ್ಸು ಹತ್ತುತ್ತಾನೆ. ಕಳೆದುಹೋದ ಹೊಳಪನ್ನು ಮರಳಿ ತರಬಹುದು, ಕಳೆದುಹೋದ ನೇರವನ್ನು ಆ ಊರಿನಲ್ಲಿ ತರುವ ಉಪಾಯವಿಲ್ಲ. ಲೋಹಗಳ ಸವೆತದಿಂದ ಇಡೀ ಜಗತ್ತಿಗೆ ಆಗುವ ನಷ್ಟವು ಜಗತ್ತಿನ ಒಟ್ಟು ಉತ್ಪನ್ನದ ಶೇಕಡಾ 3.4ರಷ್ಟೆಂದು 2016ರಲ್ಲಿ ಪ್ರಕಟವಾದ ಒಂದು ಅಂತರರಾಷ್ಟ್ರೀಯ ಅಧ್ಯಯನವು ಅಂದಾಜು ಮಾಡಿತು. ಅಷ್ಟು ದೊಡ್ಡ ಲೆಕ್ಕ ಕಣ್ಣಿಗೆ ಕಾಣುವಂತಹುದಲ್ಲ. ಹಾಳಾದ ಒಂದು ಲೇತು ಕಾಣುತ್ತದೆ.

ಹಾಗಾದರೆ ನೀರು ಬಂದುದು ಎಲ್ಲಿಂದ? ಅದು ಮಾಡಿನಿಂದ ಇಳಿಯಲಿಲ್ಲ. ಗಾಳಿಯೊಡನೆ ಬಾಗಿಲಿನ ಸಂದಿನಿಂದ ಒಳಗೆ ಬಂದಿತು.

ಗಾಳಿಯಲ್ಲಿ ಸದಾ ಸ್ವಲ್ಪ ನೀರಾವಿ ಇದ್ದೇ ಇರುತ್ತದೆ. ಆದರೆ ಅದರ ಪ್ರಮಾಣಕ್ಕೆ ಒಂದು ಮಿತಿಯುಂಟು. ಆ ಮಿತಿಯು ಉಷ್ಣತೆಯನ್ನು ಅವಲಂಬಿಸಿದೆ. ಒಂದು ಘನ ಮೀಟರಿನಷ್ಟು ಸ್ಥಳದಲ್ಲಿ 10 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 9 ಗ್ರಾಮಿಗೆ ತುಸು ಹೆಚ್ಚು ನೀರಾವಿ ಇರಬಹುದು. 20 ಡಿಗ್ರಿಯಲ್ಲಿ 17 ಗ್ರಾಂ, 30 ಡಿಗ್ರಿಯಲ್ಲಿ ಸುಮಾರು 30 ಗ್ರಾಂ. ಉಷ್ಣತೆ ಹತ್ತು ಡಿಗ್ರಿ ಏರಿದರೆ ಮಿತಿಯು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎನ್ನಬಹುದು. ಇರಬಹುದಾದ ಪ್ರಮಾಣದಲ್ಲಿ ನೂರಕ್ಕೆ ಎಷ್ಟು ಪಾಲು ಆ ಹೊತ್ತಿಗೆ ಗಾಳಿಯಲ್ಲಿದೆಯೋ ಅದಕ್ಕೆ ‘ಸಾಪೇಕ್ಷ ಆರ್ದ್ರತೆ’ ಎಂದು ಹೆಸರು.

ಐದು ಮೀಟರು ಉದ್ದ, ನಾಲ್ಕು ಮೀಟರು ಅಗಲ, ಮೂರು ಮೀಟರು ಎತ್ತರದ ಒಂದು ಕೊಟ್ಟಿಗೆಯನ್ನು ಊಹಿಸಿಕೊಳ್ಳೋಣ. ಅದರೊಳಗಿನ ಗಾಳಿಯ ಉಷ್ಣತೆ 26 ಡಿಗ್ರಿ, ಸಾಪೇಕ್ಷ ಆರ್ದ್ರತೆ ನೂರಕ್ಕೆ 85. ಲೆಕ್ಕ ಹಾಕಿದರೆ ಆ ಗಾಳಿಯಲ್ಲಿ ಕಣ್ಣಿಗೆ ಕಾಣದೆ ಅಡಗಿರುವ ನೀರು ಸುಮಾರು ಒಂದೂಕಾಲು ಕಿಲೋಗ್ರಾಂ. ರಾತ್ರಿಯ ಹೊತ್ತಿಗೆ ಅದೇ ಗಾಳಿಯು 20 ಡಿಗ್ರಿಗೆ ತಣಿದರೆ ಅಷ್ಟೂ ನೀರನ್ನು ಆವಿಯ ರೂಪದಲ್ಲಿ ಉಳಿಸಿಕೊಳ್ಳಲು ಅದಕ್ಕೆ ಸಾಧ್ಯವಿಲ್ಲ. ಒಂದು ದೊಡ್ಡ ಲೋಟದಷ್ಟು, ಎಂದರೆ 200 ಗ್ರಾಮಿನಷ್ಟು ನೀರು ಎಲ್ಲಿಯಾದರೂ ಇಳಿಯಲೇಬೇಕು. ಅದು ಇಳಿಯುವುದು ಕೊಟ್ಟಿಗೆಯಲ್ಲಿ ಯಾವ ವಸ್ತು ಎಲ್ಲಕ್ಕಿಂತ ತಣ್ಣಗಿದೆಯೋ ಅದರ ಮೇಲೆ.

ಈ ಕೊನೆಯ ಮಾತನ್ನು ಮೊದಲಬಾರಿಗೆ ಪ್ರಯೋಗಗಳಿಂದ ಸ್ಪಷ್ಟಪಡಿಸಿದವನು ಲಂಡನ್ನಿನಲ್ಲಿದ್ದ ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯ. ಅವನ ಕಾಲದವರೆಗೂ ಇಬ್ಬನಿಯು ಮಳೆಯಂತೆ ಮೇಲಿನಿಂದ ಬೀಳುತ್ತದೆಂದು ಕೆಲವರೂ, ನೆಲದಿಂದ ಏಳುತ್ತದೆಂದು ಕೆಲವರೂ ವಾದಿಸುತ್ತಿದ್ದರು. ವೆಲ್ಸನು ತಕ್ಕಡಿಯಲ್ಲಿ ತೂಗಿದ ಉಣ್ಣೆಯ ಸಣ್ಣ ಸಣ್ಣ ಉಂಡೆಗಳನ್ನು ರಾತ್ರಿಯ ಬಯಲಿನಲ್ಲಿ ಬೇರೆಬೇರೆ ಕಡೆ ಇರಿಸಿ, ಬೆಳಿಗ್ಗೆ ಮತ್ತೆ ತೂಗಿ, ಯಾವುದು ಎಷ್ಟು ನೀರು ಹೀರಿದೆಯೆಂದು ಬರೆದಿಟ್ಟನು. ಕಾಲುಗಳ ಮೇಲೆ ನಿಲ್ಲಿಸಿದ ಒಂದು ಹಲಗೆಯ ಮೇಲ್ಗಡೆ ಒಂದು ಉಂಡೆ, ಕೆಳಗಡೆ ಇನ್ನೊಂದು. ಮೇಲಿನದು ಚೆನ್ನಾಗಿ ನೆನೆದಿತ್ತು. ಕೆಳಗಿನದು ಅದಕ್ಕಿಂತ ಎಷ್ಟೋ ಕಡಮೆ. ಬಯಲಿಗೆ ತೆರೆದ ವಸ್ತುವು ತನ್ನ ಶಾಖವನ್ನು ಆಕಾಶದ ಕಡೆಗೆ ಬಿಟ್ಟುಕೊಟ್ಟು ಗಾಳಿಗಿಂತಲೂ ತಣ್ಣಗಾಗುತ್ತದೆ. ಇಬ್ಬನಿ ಮೂಡುವುದು ಅನಂತರ. ಇಬ್ಬನಿಯಿಂದ ವಸ್ತು ತಣಿಯುವುದಿಲ್ಲ, ತಣಿದ ವಸ್ತುವಿನ ಮೇಲೆ ಇಬ್ಬನಿ ಮೂಡುತ್ತದೆ ಎಂಬುದು ಅವನ ತೀರ್ಮಾನ. 1814ರಲ್ಲಿ ಅವನು ಪ್ರಕಟಿಸಿದ ಪ್ರಬಂಧಕ್ಕೆ ರಾಯಲ್ ಸೊಸೈಟಿಯ ರಮ್‌ಫರ್ಡ್ ಪದಕ ದೊರೆಯಿತು. ಒಂದು ತಕ್ಕಡಿ, ಒಂದು ಉಷ್ಣತಾಮಾಪಕ, ಒಂದು ಹಿಡಿ ಉಣ್ಣೆ: ಇಷ್ಟರಿಂದ ಸಾಧಿಸಿದ ಕೆಲಸ ಅದು.

ಗಾಳಿಯು ಯಾವ ಉಷ್ಣತೆಗೆ ತಣಿದಾಗ ಅದರೊಳಗಿನ ಆವಿಯು ನೀರಾಗತೊಡಗುತ್ತದೆಯೋ ಅದೇ ‘ಇಬ್ಬನಿ ಬಿಂದು’. ಇದನ್ನು ಕಂಡುಕೊಳ್ಳಲು ದೊಡ್ಡ ಸಲಕರಣೆಗಳು ಬೇಡ. ಹೊಳಪುಳ್ಳ ಒಂದು ಲೋಟದಲ್ಲಿ ನೀರು ತುಂಬಿ, ಉಷ್ಣತಾಮಾಪಕವನ್ನು ಇಳಿಬಿಟ್ಟು, ಮಂಜುಗಡ್ಡೆಯ ಚೂರುಗಳನ್ನು ಒಂದೊಂದಾಗಿ ಹಾಕಿ ಕಲಕುತ್ತ ಹೋಗಬೇಕು. ಲೋಟದ ಹೊರಮೈ ಮಸುಕಾದ ಕ್ಷಣದಲ್ಲಿ ಮಾಪಕವು ತೋರಿಸುವ ಉಷ್ಣತೆಯೇ ಆ ಹೊತ್ತಿನ ಇಬ್ಬನಿ ಬಿಂದು. ಆ ಬಳಿಕ ಅದೇ ಮಾಪಕದ ಬುರುಡೆಯನ್ನು ಲೇತಿನ ಕಬ್ಬಿಣಕ್ಕೆ ಒತ್ತಿ, ಮೇಲೆ ಬಟ್ಟೆ ಮುಚ್ಚಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಸಾಕು. ಕಬ್ಬಿಣದ ಉಷ್ಣತೆ ಇಬ್ಬನಿ ಬಿಂದುವಿಗಿಂತ ಕಡಮೆಯಿದ್ದರೆ ಅದು ನೆನೆದೇ ತೀರುತ್ತದೆ. ಹೆಚ್ಚಿದ್ದರೆ ಎಷ್ಟೇ ಮಳೆಯಿರಲಿ, ಅದರ ಮೇಲೆ ಇಬ್ಬನಿ ಮೂಡುವುದಿಲ್ಲ.

ಕಬ್ಬಿಣವು ಗಾಳಿಗಿಂತ ತಣ್ಣಗಿರುವುದು ಹೇಗೆ ಎಂಬ ಪ್ರಶ್ನೆ ಇಲ್ಲಿ ಏಳಬಹುದು. ಎರಡೂ ಒಂದೇ ಕೊಟ್ಟಿಗೆಯಲ್ಲಿವೆಯಲ್ಲ? ಗಾಳಿ ಚಂಚಲ, ಕಬ್ಬಿಣ ನಿಧಾನಿ. ರಾತ್ರಿಯೆಲ್ಲ ತಣಿದ ಟನ್ನು ತೂಕದ ಯಂತ್ರವು ಬೆಳಿಗ್ಗೆ ಗಾಳಿ ಬೆಚ್ಚಗಾದ ಕೂಡಲೇ ತಾನೂ ಬೆಚ್ಚಗಾಗುವುದಿಲ್ಲ; ಅದಕ್ಕೆ ಮಧ್ಯಾಹ್ನದವರೆಗೂ ಕಾಲ ಬೇಕಾಗಬಹುದು. ಆದುದರಿಂದ ಮಳೆ ಜಡಿಯುತ್ತಿರುವ ದಿನಕ್ಕಿಂತಲೂ, ನಾಲ್ಕು ದಿನ ಸುರಿದ ಮಳೆ ಬಿಟ್ಟು ಹಠಾತ್ತನೆ ಬಿಸಿಲು ಇಣುಕಿದ ಬೆಳಗೇ ಯಂತ್ರಗಳಿಗೆ ಹೆಚ್ಚು ಅಪಾಯಕರ. ನೆನೆದ ನೆಲದಿಂದ ಆವಿ ಏಳುತ್ತಿರುತ್ತದೆ, ಹೊರಗಿನ ಗಾಳಿ ಬೆಚ್ಚಗೂ ತೇವವಾಗಿಯೂ ಇರುತ್ತದೆ. ‘ಬಿಸಿಲು ಬಂತು, ಕೊಟ್ಟಿಗೆಗೆ ಸ್ವಲ್ಪ ಗಾಳಿಯಾಡಲಿ’ ಎಂದು ಒಡೆಯನು ಅತ್ಯಂತ ಸದುದ್ದೇಶದಿಂದ ಬಾಗಿಲು, ಕಿಟಕಿಗಳನ್ನು ತೆರೆದಿಡುತ್ತಾನೆ. ಆ ಗಾಳಿಯು ನೇರವಾಗಿ ತಣ್ಣನೆಯ ಕಬ್ಬಿಣದ ಮೇಲೆ ಹಾಯುತ್ತದೆ. ಅಂತಹ ಬೆಳಿಗ್ಗೆ ಬಾಗಿಲು ಮುಚ್ಚಿಟ್ಟು, ಯಂತ್ರವು ಮುಟ್ಟಿದರೆ ತಣ್ಣಗೆನಿಸದ ಹೊತ್ತಿಗೆ, ಒಣಗಾಳಿ ಬೀಸುವ ಅಪರಾಹ್ನದಲ್ಲಿ ತೆರೆಯುವುದು ಮೇಲು. ಗಾಳಿಯಾಟ ಒಳ್ಳೆಯದೆಂಬ ಮಾತು ಹೊತ್ತು ನೋಡಿ ಆಡಬೇಕಾದ ಮಾತು.

ತಗಡಿನ ಮಾಡುಳ್ಳ ಕೊಟ್ಟಿಗೆಯ ಪಾಡು ಇನ್ನೂ ಕಷ್ಟ. ಮಳೆಗಾಲ ಕಳೆದು ಮಾರ್ಗಶಿರ, ಪುಷ್ಯ ಮಾಸಗಳ ನಿರ್ಮಲ ರಾತ್ರಿಗಳು ಬಂದಾಗ, ವೆಲ್ಸನ ಉಣ್ಣೆಯಂತೆ ತಗಡೂ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟು ಬೇಗನೆ ತಣಿಯುತ್ತದೆ. ಹಗಲೆಲ್ಲ ಒಳಗೆ ಕೂಡಿದ ಆವಿ ಅದರ ಒಳಮೈಯಲ್ಲಿ ಹನಿಗಟ್ಟಿ, ಬೆಳಗಿನ ಜಾವಕ್ಕೆ ಯಂತ್ರಗಳ ಮೇಲೆ ತೊಟ್ಟಿಕ್ಕುತ್ತದೆ. ಹೊರಗೆ ಮಳೆಯಿಲ್ಲ, ಒಳಗೆ ಮಳೆ! ತಗಡಿನ ಕೆಳಗೆ ಒಂದು ಗೇಣು ಬಿಟ್ಟು ಹಲಗೆಯ ಇಲ್ಲವೆ ಬಿದಿರು ತಟ್ಟಿಯ ಒಳಮುಚ್ಚಿಗೆ ಹಾಕಿದರೆ ಈ ತೊಟ್ಟಿಕ್ಕುವಿಕೆ ಬಹುಮಟ್ಟಿಗೆ ನಿಲ್ಲುತ್ತದೆ. ಹಳೆಯ ಹೆಂಚಿನ ಮನೆಗಳಲ್ಲಿ ಹಲಗೆಯ ಮುಚ್ಚಿಗೆ ಹಾಕುತ್ತಿದ್ದುದನ್ನು ಇಲ್ಲಿ ನೆನೆಯಬಹುದು.

ಇನ್ನು ತುಕ್ಕಿನ ವಿಷಯ. ಕಬ್ಬಿಣವು ಬರಿಯ ನೀರಿನಿಂದಾಗಲಿ ಬರಿಯ ಆಮ್ಲಜನಕದಿಂದಾಗಲಿ ಸಾಮಾನ್ಯ ಉಷ್ಣತೆಯಲ್ಲಿ ತುಕ್ಕು ಹಿಡಿಯುವುದಿಲ್ಲ, ಎರಡೂ ಕೂಡಬೇಕು. ಕುದಿಸಿ ಗಾಳಿ ತೆಗೆದ ನೀರಿನಲ್ಲಿ ಮುಳುಗಿಸಿ, ಮೇಲೆ ಎಣ್ಣೆ ಹೊಯ್ದು ಮುಚ್ಚಿದ ಮೊಳೆಯು ಬಹುಕಾಲ ಹೊಳೆಯುತ್ತಲೇ ಇರುವುದನ್ನು ಪ್ರಯೋಗಶಾಲೆಯಲ್ಲಿ ತೋರಿಸುವುದುಂಟು. ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿದ್ದ ಯು. ಆರ್. ಎವಾನ್ಸ್ ಎಂಬ ವಿಜ್ಞಾನಿಯು 1920ರ ದಶಕದಲ್ಲಿ ಇನ್ನೊಂದು ಸೋಜಿಗವನ್ನು ತೋರಿಸಿದನು. ಶುಭ್ರವಾದ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಉಪ್ಪುನೀರನ್ನು ಇಟ್ಟು, ಬಣ್ಣ ಬದಲಿಸುವ ಕೆಲವು ರಾಸಾಯನಿಕಗಳನ್ನು ಅದರಲ್ಲಿ ಬೆರೆಸಿದಾಗ, ಹನಿಯ ನಡುಭಾಗ ನೀಲಿಯಾಗಿಯೂ ಅಂಚು ಗುಲಾಬಿಯಾಗಿಯೂ ಕಾಣಿಸಿತು. ನೀಲಿಯಿದ್ದಲ್ಲಿ ಕಬ್ಬಿಣ ಕರಗುತ್ತಿದೆ. ಗುಲಾಬಿಯಿದ್ದಲ್ಲಿ ಗಾಳಿಯ ಆಮ್ಲಜನಕವು ನೀರಿನೊಡನೆ ಸೇರುತ್ತಿದೆ. ಎರಡರ ನಡುವೆ ಲೋಹದ ಮೂಲಕ ಅತಿಸೂಕ್ಷ್ಮವಾದ ವಿದ್ಯುತ್ತು ಹರಿಯುತ್ತಿದೆ. ಒಂದೊಂದು ಹನಿಯೂ ಒಂದೊಂದು ಪುಟ್ಟ ವಿದ್ಯುತ್ಕೋಶ. ಆಮ್ಲಜನಕ ಹೆಚ್ಚು ದೊರೆಯುವ ಅಂಚಿನಲ್ಲಿ ಅಲ್ಲ, ಅದು ಕಡಮೆ ದೊರೆಯುವ ನಡುವಿನಲ್ಲಿ ಲೋಹ ಸವೆಯುತ್ತದೆಂಬುದು ಗಮನಾರ್ಹ. ಇಬ್ಬನಿ ಕೂತ ಉಕ್ಕಿನ ಮೇಲೆ ಸೂಜಿಮೊನೆಯಂತಹ ಗುಳಿಗಳು ಏಳುವುದಕ್ಕೂ, ಒದ್ದೆ ಚಿಂದಿಯ ಕೆಳಗೆ ಲೋಹವು ಆಳವಾಗಿ ಕೊರೆದುಹೋಗುವುದಕ್ಕೂ ಇದೇ ಕಾರಣ.

ಅದೇ ಕಾಲದಲ್ಲಿ ವರ್ನನ್ ಎಂಬ ಮತ್ತೊಬ್ಬ ಆಂಗ್ಲ ರಸಾಯನವಿಜ್ಞಾನಿಯು ನಡೆಸಿದ ಪ್ರಯೋಗಗಳು ಕಾರ್ಯಾಗಾರದವರಿಗೆ ಇನ್ನೂ ಹತ್ತಿರವಾದವು. ಸಾಪೇಕ್ಷ ಆರ್ದ್ರತೆಯು ನೂರಕ್ಕೆ ಸುಮಾರು 60ನ್ನು ಮೀರುವವರೆಗೆ ತುಕ್ಕು ಬಹು ನಿಧಾನ; ಅದನ್ನು ದಾಟಿತೆಂದರೆ, ಗಾಳಿಯಲ್ಲಿ ಹೊಗೆಯ ಗಂಧಕಾಂಶವೂ ಇದ್ದಾಗ, ಒಮ್ಮೆಗೇ ವೇಗ ಪಡೆಯುತ್ತದೆ ಎಂದು ಅವನು ಕಂಡುಕೊಂಡನು. ಆದಕಾರಣ ಕಣ್ಣಿಗೆ ಕಾಣುವಂತಹ ಹನಿಗಳು ಮೂಡಲೇಬೇಕೆಂದಿಲ್ಲ. ಅವನ ಇನ್ನೊಂದು ಪ್ರಯೋಗ ಬಹು ಸರಳ. ಕೋಣೆಯಲ್ಲಿ ಎರಡು ಕಬ್ಬಿಣದ ತುಂಡುಗಳನ್ನು ತೂಗುಬಿಟ್ಟನು. ಒಂದು ತೆರೆದು, ಇನ್ನೊಂದು ಮಸ್ಲಿನ್ ಬಟ್ಟೆಯ ಪಂಜರದೊಳಗೆ. ತೇವದ ಗಾಳಿಗೆ ಮಸ್ಲಿನ್ ಯಾವ ತಡೆಯೂ ಅಲ್ಲ. ಆದರೂ ತಿಂಗಳುಗಳು ಕಳೆದ ಮೇಲೆ ತೆರೆದ ತುಂಡು ತುಕ್ಕು ಹಿಡಿದಿತ್ತು, ಪಂಜರದೊಳಗಿನದು ಹಿಡಿದಿರಲಿಲ್ಲ. ಬಟ್ಟೆಯು ತಡೆದದ್ದು ಧೂಳನ್ನು. ಗಾಳಿಯ ಧೂಳಿನ ಕಣಗಳೇ ತೇವವನ್ನು ಹೀರಿ ಲೋಹದ ಮೈಗೆ ಅಂಟಿಸಿ, ತುಕ್ಕಿಗೆ ಬೀಜವಾಗುತ್ತವೆ. ಕೆಲಸ ಮುಗಿದ ಮೇಲೆ ಯಂತ್ರವನ್ನು ಒರಸಿ ಬಟ್ಟೆ ಹೊದಿಸುವ ಹಳೆಯ ಕುಶಲಕರ್ಮಿಗಳು ಈ ಪ್ರಯೋಗವನ್ನು ಕೇಳಿದವರಲ್ಲ. ಆದರೂ ಅವರ ರೂಢಿ ಸರಿಯಾಗಿಯೇ ಇದೆ.

ದೆಹಲಿಯ ಕಬ್ಬಿಣದ ಕಂಬವು ಸುಮಾರು 1,600 ವರ್ಷ ಬಯಲಿನಲ್ಲಿ ನಿಂತೂ ಹಾಳಾಗಿಲ್ಲವಲ್ಲ ಎಂಬ ಪ್ರಶ್ನೆ ಸಹಜ. ನಮ್ಮ ಕೊಡಚಾದ್ರಿಯ ಮೂಲ ಮೂಕಾಂಬಿಕಾ ದೇವಾಲಯದ ಬಳಿ ಇರುವ ಕಬ್ಬಿಣದ ಕಂಬವು ಅಷ್ಟು ಮಳೆಯ ನಡುವೆ ನಿಂತು ಲೋಹವಿಜ್ಞಾನಿಗಳ ಗಮನವನ್ನು ಸೆಳೆದಿದೆ. ದೆಹಲಿಯ ಕಂಬದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರಿಂದ ಮೈಮೇಲೆ ತೆಳುವಾದ ರಕ್ಷಕ ಪದರವೊಂದು ಉಂಟಾಗಿದೆಯೆಂದು ವಿಜ್ಞಾನಿಗಳು ವಿವರಿಸಿದ್ದಾರೆ. ಇಂದಿನ ಉಕ್ಕಿನಿಂದ ರಂಜಕವನ್ನು ಬಹುಪಾಲು ತೆಗೆದುಹಾಕುತ್ತಾರೆ, ಏಕೆಂದರೆ ಅದು ಉಕ್ಕನ್ನು ಪೆಡಸಾಗಿಸುತ್ತದೆ. ಹೀಗಾಗಿ ಇಂದಿನ ಉಪಕರಣಗಳಿಗೆ ಆ ರಕ್ಷಣೆ ಹುಟ್ಟಿನಿಂದ ಬಂದುದಲ್ಲ.

ರಕ್ಷಣೆಯನ್ನು ಹೊರಗಿನಿಂದ ಒದಗಿಸುವಾಗ ಮೊದಲು ಹೊಳೆಯುವ ಉಪಾಯ ಬೆಂಕಿ. ಇದರಲ್ಲಿ ಒಂದು ಮೋಸವಿದೆ. ಸೀಮೆಎಣ್ಣೆಯ ಒಲೆಯನ್ನೋ ಗ್ಯಾಸಿನ ಒಲೆಯನ್ನೋ ಮುಚ್ಚಿದ ಕೊಟ್ಟಿಗೆಯಲ್ಲಿ ಹೊತ್ತಿಸಿದರೆ ಗಾಳಿ ಬೆಚ್ಚಗಾಗುವುದೇನೋ ನಿಜ. ಆದರೆ ಸೀಮೆಎಣ್ಣೆಯಲ್ಲಿರುವ ಜಲಜನಕವು ಉರಿದು ನೀರಾವಿಯಾಗುತ್ತದೆ; ಒಂದು ಲೀಟರು ಸೀಮೆಎಣ್ಣೆ ಉರಿದರೆ ಹೆಚ್ಚುಕಡಿಮೆ ಒಂದು ಲೀಟರು ನೀರೇ ಆವಿಯಾಗಿ ಗಾಳಿಗೆ ಸೇರುತ್ತದೆ. ಬೆಚ್ಚಗಾದ ಗಾಳಿ, ಅದರಲ್ಲಿ ಹೊಸದಾಗಿ ಒಂದು ಲೀಟರು ನೀರು, ಎದುರಿಗೆ ಇನ್ನೂ ತಣ್ಣಗಿರುವ ಕಬ್ಬಿಣ! ತುಕ್ಕಿಗೆ ಇದಕ್ಕಿಂತ ಒಳ್ಳೆಯ ಆತಿಥ್ಯವನ್ನು ಏರ್ಪಡಿಸುವುದು ಕಷ್ಟ. ಚಳಿಯ ದೇಶಗಳಲ್ಲಿ ಮನೆಯ ಹಿಂದಿನ ಕೊಟ್ಟಿಗೆಗಳಲ್ಲಿ ಹವ್ಯಾಸಕ್ಕಾಗಿ ಕೆಲಸ ಮಾಡುವವರೂ ಚಳಿಗಾಲದ ಸಂಜೆಗಳಲ್ಲಿ ಇಂತಹ ಒಲೆಗಳನ್ನು ಹೊತ್ತಿಸಿ ತಮ್ಮ ಹತ್ಯಾರುಗಳನ್ನು ಕೆಡಿಸಿಕೊಳ್ಳುವುದುಂಟು. ಇದ್ದಿಲು ಉರಿದರೆ ನೀರು ಅಷ್ಟಾಗಿ ಹುಟ್ಟುವುದಿಲ್ಲ. ಆದರೆ ಮುಚ್ಚಿದ ಕೋಣೆಯಲ್ಲಿ ಅದರ ವಿಷಾನಿಲವು ಮನುಷ್ಯನ ಪ್ರಾಣಕ್ಕೇ ಎರವಾಗುತ್ತದೆ. ಅದನ್ನು ಎಂದಿಗೂ ಮಾಡಕೂಡದು.

ಬೆಚ್ಚಗಾಗಬೇಕಾದದ್ದು ಕೊಟ್ಟಿಗೆಯಲ್ಲ, ಕಬ್ಬಿಣ. ಈ ಭೇದವನ್ನು ಅರಿತರೆ ಅಲ್ಪ ಶಾಖದಿಂದಲೇ ಕಾರ್ಯ ಸಾಧಿಸಬಹುದು. 22 ಡಿಗ್ರಿಯಲ್ಲಿ ನೂರಕ್ಕೆ 95ರಷ್ಟು ಆರ್ದ್ರತೆಯುಳ್ಳ ಗಾಳಿಯನ್ನು ಒಂದು ಕಪಾಟಿನೊಳಗೆ 30 ಡಿಗ್ರಿಗೆ ಏರಿಸಿದರೆ, ಒಂದು ತೊಟ್ಟು ನೀರನ್ನೂ ತೆಗೆಯದೆಯೇ ಅದರ ಸಾಪೇಕ್ಷ ಆರ್ದ್ರತೆ ನೂರಕ್ಕೆ ಸುಮಾರು 60ಕ್ಕೆ ಇಳಿಯುತ್ತದೆ. ಹತ್ಯಾರಿನ ಕಪಾಟಿನ ತಳದಲ್ಲಿ 40 ವಾಟಿನ ಒಂದು ಬಲ್ಬನ್ನು ಸದಾ ಉರಿಸುವ ರೂಢಿ ಹುಟ್ಟಿದ್ದು ಹೀಗೆ. ಆ ಬಗೆಯ ತಂತಿಯ ಬಲ್ಬುಗಳು ಈಗ ಅಪರೂಪವಾಗಿವೆ. ಅವುಗಳ ಜಾಗಕ್ಕೆ ಬಂದಿರುವ ಎಲ್‌ಇಡಿ ದೀಪವು ಬೆಳಕಿಗೆ ಒಳ್ಳೆಯದು, ಆದರೆ ಈ ಕೆಲಸಕ್ಕೆ ಬೇಕಾದಷ್ಟು ಶಾಖವನ್ನು ಕೊಡಲಾರದು. ಕಪಾಟಿಗೆಂದೇ ಮಾಡಿದ ಸಣ್ಣ ಶಾಖದಂಡಗಳನ್ನು ಬಳಸಬೇಕು. ದೊಡ್ಡ ವಿದ್ಯುತ್ ಮೋಟಾರುಗಳ ಹೊಟ್ಟೆಯೊಳಗೆ ಇಂತಹುದೇ ಶಾಖಸುರುಳಿಯಿರುತ್ತದೆ. ಮೋಟಾರು ನಿಂತಾಗ ಅದು ಬೆಚ್ಚಗಾಗತೊಡಗುತ್ತದೆ, ಮೋಟಾರು ತಿರುಗತೊಡಗಿದಾಗ ಆರುತ್ತದೆ. ಮಲೆನಾಡಿನ ಹಳೆಯ ಮನೆಗಳಲ್ಲಿ ಕತ್ತಿ, ಕುಡುಗೋಲುಗಳನ್ನು ಒಲೆಯ ಮೇಲಿನ ಅಟ್ಟದಲ್ಲಿ ಸಿಕ್ಕಿಸುತ್ತಿದ್ದುದರಲ್ಲಿಯೂ ಇದೇ ತತ್ತ್ವ ಅಡಗಿದೆ.

ಶಾಖ ಒದಗಿಸಲಾಗದ ಕಡೆ ಎಣ್ಣೆಯೇ ಗತಿ. ಒಣಗಿದ, ಶುಭ್ರವಾದ ಲೋಹದ ಮೇಲೆ ಯಂತ್ರದ ಎಣ್ಣೆಯ ತೆಳುಪದರ ಕೆಲವು ದಿನಗಳ ರಜೆಗೆ ಸಾಕು. ತಿಂಗಳುಗಟ್ಟಲೆ ಮುಟ್ಟದಿರುವ ಯಂತ್ರಕ್ಕೆ ಗ್ರೀಸನ್ನೋ ಮೇಣ ಬೆರೆತ ಲೇಪವನ್ನೋ ದಪ್ಪಗೆ ಬಳಿಯಬೇಕು. ಕೊಬ್ಬರಿ ಎಣ್ಣೆ, ಹರಳೆಣ್ಣೆಗಳು ಕೈಗೆ ಸುಲಭವಾಗಿ ಸಿಗುತ್ತವೆ. ಆದರೆ ಹಳತಾದಂತೆ ಅವುಗಳಲ್ಲಿ ಆಮ್ಲ ಹುಟ್ಟುತ್ತದೆ, ಅಂಟೂ ಆಗುತ್ತದೆ. ಎಣ್ಣೆ ಬಳಿಯುವ ಮೊದಲು ಲೋಹವನ್ನು ಒರಸುವುದು ಎಣ್ಣೆಗಿಂತ ಮುಖ್ಯ. ಬೆವರಿನಲ್ಲಿ ಉಪ್ಪಿದೆ. ಕೆಲವರ ಕೈಬೆವರು ಎಷ್ಟು ತೀಕ್ಷ್ಣವೆಂದರೆ, ಅವರು ಸಂಜೆ ಮುಟ್ಟಿ ಇಟ್ಟ ಉಕ್ಕಿನ ಮೇಲೆ ಬೆಳಿಗ್ಗೆ ಬೆರಳಿನ ಗುರುತು ತುಕ್ಕಿನಲ್ಲಿ ಮೂಡಿರುತ್ತದೆ. ಆ ಉಪ್ಪಿನ ಮೇಲೆಯೇ ಎಣ್ಣೆ ಬಳಿದರೆ ಶತ್ರುವನ್ನು ಒಳಗಿಟ್ಟು ಕೋಟೆಯ ಬಾಗಿಲು ಹಾಕಿದಂತೆ. ಕಾರವಾರ, ಮಲ್ಪೆ, ಮಂಗಳೂರುಗಳ ಕಡೆ ಕಡಲಗಾಳಿಯೇ ಉಪ್ಪನ್ನು ಹೊತ್ತು ತರುತ್ತದೆ. ಆರ್ದ್ರತೆ ನೂರಕ್ಕೆ 75ನ್ನು ದಾಟಿದೊಡನೆ ಅಡಿಗೆಯ ಉಪ್ಪು ತಾನಾಗಿ ನೀರು ಹೀರಿ ಕರಗತೊಡಗುವುದರಿಂದ, ಅಲ್ಲಿ ಕಬ್ಬಿಣವು ಇಬ್ಬನಿಗಾಗಿ ಕಾಯಬೇಕಾಗಿಲ್ಲ.

ಒಂದೇ ಕೊಟ್ಟಿಗೆಯಲ್ಲಿ ಯಂತ್ರವನ್ನೂ ತೋಟದ ಸಾಮಾನನ್ನೂ ತುಂಬುವ ಅಭ್ಯಾಸವೂ ಹಾನಿಕರ. ಅಡಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕಾಗಿ ತಂದ ಮೈಲುತುತ್ತವು ಒದ್ದೆ ಕಬ್ಬಿಣಕ್ಕೆ ತಾಗಿದರೆ, ತಾಮ್ರವು ಕಬ್ಬಿಣದ ಮೇಲೆ ಕುಳಿತು ಕಬ್ಬಿಣವು ಕರಗಿಹೋಗುತ್ತದೆ. ರಸಗೊಬ್ಬರದ ಚೀಲಗಳು ತೇವವನ್ನು ಹೀರುತ್ತವೆ. ಬೆಸುಗೆಗೆ ಬಳಸುವ ಹೈಡ್ರೋಕ್ಲೋರಿಕ್ ಆಮ್ಲದ ಸೀಸೆಯ ಬಿರಡೆ ಸಡಿಲವಾಗಿದ್ದರೆ, ಅದರ ಆವಿಯೊಂದೇ ಇಡೀ ಕೋಣೆಯ ಉಕ್ಕನ್ನು ಕೆಂಪಾಗಿಸಲು ಸಾಕು.

ಪ್ಲಾಸ್ಟಿಕ್ ಹಾಳೆಯನ್ನು ಯಂತ್ರಕ್ಕೆ ಬಿಗಿಯಾಗಿ ಸುತ್ತಿ ನಿಶ್ಚಿಂತರಾಗುವವರಿದ್ದಾರೆ. ಮೇಲಿನಿಂದ ತೊಟ್ಟಿಕ್ಕುವ ನೀರನ್ನು ಅದು ತಡೆಯುತ್ತದೆ. ಆದರೆ ಸುತ್ತುವಾಗ ಒಳಗೆ ಸೇರಿಕೊಂಡ ತೇವ, ಅಥವಾ ಸಿಮೆಂಟಿನ ನೆಲದಿಂದ ಮೇಲೇಳುವ ತೇವ ಹೊರಬರಲಾರದೆ ಅಲ್ಲಿಯೇ ಹನಿಗಟ್ಟುತ್ತದೆ. ದಪ್ಪ ಬಟ್ಟೆಯ ಹೊದಿಕೆ ಅದಕ್ಕಿಂತ ಲೇಸು. ಹಾಳೆಯನ್ನು ಹೊದಿಸಲೇಬೇಕಾದರೆ ಕೆಳಗೆ ಗಾಳಿಯಾಡಲು ತೆರಪು ಬಿಟ್ಟು ಡೇರೆಯಂತೆ ಹೊದಿಸಬೇಕು. ಗಾಳಿ ಒಂದಿಷ್ಟೂ ನುಗ್ಗದಂತೆ ಪೂರ್ತಿಯಾಗಿ ಮುಚ್ಚುವುದಾದರೆ ಒಳಗಿನ ತೇವವನ್ನು ತೆಗೆಯುವ ಏರ್ಪಾಡೂ ಜೊತೆಗಿರಬೇಕು. ಎರಡನೆಯ ಮಹಾಯುದ್ಧವು 1945ರಲ್ಲಿ ಮುಗಿದ ಮೇಲೆ ಅಮೆರಿಕದ ನೌಕಾಪಡೆಯು ತನಗೆ ಸದ್ಯಕ್ಕೆ ಬೇಡವಾದ ಹಡಗುಗಳನ್ನು ಕಾಪಾಡಿದ್ದು ಈ ಕ್ರಮದಿಂದ. ಹಡಗಿನ ಸಂದುಗೊಂದುಗಳನ್ನು ಮುಚ್ಚಿ, ತೇವ ಹೀರುವ ಯಂತ್ರಗಳಿಂದ ಒಳಗಿನ ಗಾಳಿಯನ್ನು ಸದಾ ಒಣಗಿಸುತ್ತಿದ್ದರು. 1950ರಲ್ಲಿ ಕೊರಿಯಾದ ಯುದ್ಧ ಆರಂಭವಾದಾಗ ಅವುಗಳಲ್ಲಿ ಎಷ್ಟೋ ಹಡಗುಗಳು ಮತ್ತೆ ಕಡಲಿಗಿಳಿದವು. ಅದೇ ದೇಶವು ತನ್ನ ಹಳೆಯ ವಿಮಾನಗಳನ್ನು ನಿಲ್ಲಿಸಲು ಆರಿಸಿಕೊಂಡದ್ದು ಅರಿಜೋನಾದ ಮರುಭೂಮಿಯನ್ನು. ಅಲ್ಲಿ ಒಣಗಾಳಿಯೇ ಕಾವಲುಗಾರ.

ಮಲೆನಾಡಿನ ಕಾರ್ಯಾಗಾರಕ್ಕೆ ಮರುಭೂಮಿಯನ್ನು ತರಲಾಗುವುದಿಲ್ಲ. ಆದರೆ ಒಂದು ಪೆಟ್ಟಿಗೆಯೊಳಗೆ ಅದನ್ನು ಉಂಟುಮಾಡಬಹುದು. ವರ್ನಿಯರ್ ಮಾಪಕ, ಮೈಕ್ರೋಮೀಟರು ಮೊದಲಾದ ಅಳತೆಯ ಸಾಧನಗಳು ಎಲ್ಲಕ್ಕಿಂತ ಸೂಕ್ಷ್ಮವಾದವು. ಇವುಗಳ ದವಡೆಯ ಮೇಲಿನ ಒಂದು ತುಕ್ಕಿನ ಚುಕ್ಕೆ ಅಂದಿನ ಅಳತೆಗಳೆಲ್ಲವನ್ನೂ ಸುಳ್ಳಾಗಿಸುತ್ತದೆ. ಗಾಳಿ ಹೋಗದಂತೆ ಮುಚ್ಚಳವುಳ್ಳ ಡಬ್ಬಿಯಲ್ಲಿ ಇವನ್ನಿಟ್ಟು ಜೊತೆಗೆ ಒಂದು ಬಟ್ಟೆಯ ಚೀಲದಲ್ಲಿ ಸಿಲಿಕಾ ಜೆಲ್ ಇರಿಸಬೇಕು. ಹರಳಿನಂತೆ ಕಾಣುವ ಈ ವಸ್ತುವು ತನ್ನ ತೂಕದ ಮೂರನೆಯ ಒಂದು ಪಾಲಿನಷ್ಟು ನೀರನ್ನು ಹೀರಬಲ್ಲುದು. ಬಣ್ಣ ಕಟ್ಟಿದ ಹರಳುಗಳು ನೀರು ಹೀರಿದಂತೆ ಬಣ್ಣ ಬದಲಿಸಿ ತಮ್ಮ ಸ್ಥಿತಿಯನ್ನು ತಾವೇ ತಿಳಿಸುತ್ತವೆ. ನೀಲಿ ಬಣ್ಣದವುಗಳಲ್ಲಿ ಕೋಬಾಲ್ಟಿನ ಲವಣವಿದ್ದು ಅದು ಆರೋಗ್ಯಕ್ಕೆ ಹಾನಿಕರವಾದುದರಿಂದ ಕಿತ್ತಳೆ ಬಣ್ಣದವುಗಳನ್ನು ಆರಿಸುವುದು ಒಳ್ಳೆಯದು. ಬಣ್ಣ ಬದಲಿಸಿದ ಹರಳುಗಳನ್ನು ಎಸೆಯಬೇಕಾಗಿಲ್ಲ. ಅಗಲವಾದ ತಟ್ಟೆಯಲ್ಲಿ ಹರವಿ, 120 ಡಿಗ್ರಿಯಷ್ಟು ಶಾಖದಲ್ಲಿ ಒಂದೆರಡು ಗಂಟೆ ಕಾಯಿಸಿದರೆ ನೀರು ಬಿಟ್ಟುಕೊಟ್ಟು ಮೊದಲಿನ ಬಣ್ಣಕ್ಕೆ ಮರಳುತ್ತವೆ. ತಣಿಯುವವರೆಗೆ ಮುಚ್ಚಿದ ಸೀಸೆಯಲ್ಲಿಟ್ಟು, ಮತ್ತೆ ಡಬ್ಬಿಗೆ ಹಾಕಬಹುದು. ಮಳೆಗಾಲದಲ್ಲಿ ಡಬ್ಬಿಯನ್ನು ದಿನಕ್ಕೆ ಹಲವು ಸಲ ತೆರೆಯುವ ಕಡೆ ಈ ಕೆಲಸವನ್ನು ವಾರಕ್ಕೊಮ್ಮೆ ಮಾಡಬೇಕಾಗುತ್ತದೆ.